ಕ್ಸೆನಾನ್ ಕೊಳವೆಯೂ ನನ್ನ ಖಾಯಂ ನೌಕರಿಯೂ

ಈ ಪ್ರಪಂಚದಲ್ಲಿ ಯಾವುದನ್ನೂ ಅದರ ಸ್ವಂತ ಮಾತಿನ ಮೇಲೆ ನಂಬುವಂತಿಲ್ಲ. ತಕ್ಕಡಿ ಸರಿಯಿದೆ ಎಂದು ತಕ್ಕಡಿಯೇ ಹೇಳಿಕೊಂಡರೆ ಯಾರೂ ಒಪ್ಪುವುದಿಲ್ಲ, ತೂಕದ ಬಟ್ಟು ಇಟ್ಟು ನೋಡಬೇಕು. ಗಡಿಯಾರವನ್ನು ರೇಡಿಯೋ ವಾರ್ತೆಗೆ ಹೊಂದಿಸಿಕೊಳ್ಳಬೇಕು. ಸಾರಿಗೆ ಉಪ್ಪು ಹಿಡಿದಿದೆಯೇ ಎಂದು ತಿಳಿಯಲು ಗಂಡನಿಗೆ ಬಡಿಸಿ ಅವನ ಮುಖ ನೋಡಬೇಕು. ಗಂಡ ಸರಿಯಾಗಿದ್ದಾನೆಯೇ ಎಂದು ತಿಳಿಯಲು ಪಕ್ಕದ ಮನೆಯವಳ ಗಂಡನನ್ನು ನೋಡಬೇಕು; ಈ ಪರೀಕ್ಷೆ ನಮ್ಮ ಮನೆಯಲ್ಲಿ ಆಗಾಗ ನಡೆಯುತ್ತದೆ, ಫಲಿತಾಂಶವನ್ನು ನನಗೆ ಕೂಡಲೇ ತಿಳಿಸಲಾಗುತ್ತದೆ. ಹೀಗೆ ಗೊತ್ತಿರುವ ಒಂದನ್ನು ಎದುರಿಗಿಟ್ಟು ಗೊತ್ತಿಲ್ಲದ ಇನ್ನೊಂದರ ಯೋಗ್ಯತೆ ಅಳೆಯುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ನಾನು ಅದನ್ನೇ ಮಾಡಿ ಹೊಟ್ಟೆ ಹೊರೆಯುವವನು. ಹೀಗೆಂದರೆ ಜನ ಗೌರವದಿಂದ ತಲೆದೂಗುತ್ತಾರೆ, ಆಮೇಲೆ “ಅಂದ್ರೆ ಕಂಪ್ಯೂಟರಾ?” ಎನ್ನುತ್ತಾರೆ. ಹೌದು ಎಂದುಬಿಡುತ್ತೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಎಕ್ಸ್‌-ರೇ ಬಗ್ಗೆ ವಿವರಿಸಲು ಹೋಗಿ, ಹೋಳಿಗೆಯ ಎರಡನೆಯ ಸುತ್ತು ನನ್ನೆಲೆಯನ್ನು ದಾಟಿಹೋದ ಅನುಭವ ನನಗಿದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಂಡು, ಚೆನ್ನೈನಲ್ಲಿ ಗಿಂಡಿಯ ಕಡೆಗಿದ್ದ ಒಂದು ಸಂಶೋಧನಾ ಸಂಸ್ಥೆಗೆ ಬಂದು ಸೇರಿದ್ದೆ. ಸಂಸ್ಥೆಯ ಹೆಸರು ಬೇಡ. ಅದರ ಮಾನ ಉಳಿಸುವಷ್ಟು ಉಪ್ಪು ತಿಂದಿದ್ದೇನೆ. ನನ್ನದು ತಾತ್ಕಾಲಿಕ ಹುದ್ದೆ. ಅಂದರೆ ‘ಇನ್ನೊಂದು ವರ್ಷ ಮುಂದುವರಿಯಬಹುದು’ ಎಂಬ ಕಾಗದ ಬರುವವರೆಗೆ ಉಸಿರು ಬಿಗಿಹಿಡಿದು ಕೂರುವುದು, ಬಂದ ಮೇಲೆ ಮುಂದಿನ ಕಾಗದಕ್ಕಾಗಿ ಮತ್ತೆ ಬಿಗಿಹಿಡಿಯುವುದು. ಅಡ್ಯಾರಿನಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಮಾಡಿದ್ದೆವು. ನನ್ನ ಹೆಂಡತಿ ನಾಗರತ್ನ, ನೌಕರಿ ಖಾಯಂ ಆಗುವವರೆಗೆ ಮನೆಗೆ ಭಾರದ ಸಾಮಾನು ತರಕೂಡದೆಂದು ಕಾನೂನು ಮಾಡಿದ್ದಳು. ಮೈಸೂರಿನಿಂದ ತಂದ ಪಾತ್ರೆಗಳಲ್ಲಿ ಅರ್ಧ ಇನ್ನೂ ರಟ್ಟಿನ ಡಬ್ಬಗಳಲ್ಲೇ ಮಂಚದ ಕೆಳಗೆ ಮಲಗಿದ್ದವು. ಇಡ್ಲಿಗೆ ರುಬ್ಬಬೇಕಾದರೆ ಕೆಳಗಿನ ಮನೆಯ ಮಾಮಿಯ ಗ್ರೈಂಡರ್ ಕೇಳಲು ಹೋಗುತ್ತಿದ್ದಳು. ಮಾಮಿ ಧಾರಾಳಿ. ಗ್ರೈಂಡರಿನ ಜೊತೆಗೆ “ಇನ್ನುಂ ಪರ್ಮನೆಂಟ್ ಆಗಲೆಯಾ?” ಎಂಬ ಪ್ರಶ್ನೆಯನ್ನೂ ಉಚಿತವಾಗಿ ಕೊಡುತ್ತಿದ್ದರು. ಆ ವರ್ಷ ಮಾತ್ರ ಸಂಸ್ಥೆ ಖಂಡಿತವಾಗಿ ಹೇಳಿಬಿಟ್ಟಿತ್ತು: ಇನ್ನು ಮುಂದುವರಿಕೆ ಇಲ್ಲ. ಆಯುಧಪೂಜೆಯ ರಜೆ ಮುಗಿದ ವಾರದಲ್ಲೇ ದೆಹಲಿಯಿಂದ ಪರಿಶೀಲನಾ ಸಮಿತಿ ಬರುತ್ತದೆ, ನಾವು ಕಟ್ಟಿದ ಡಿಟೆಕ್ಟರ್ ನೋಡುತ್ತದೆ. ಅದು ಕೆಲಸ ಮಾಡಿದರೆ ನಾನು ಖಾಯಂ, ಮಾಡದಿದ್ದರೆ ರಟ್ಟಿನ ಡಬ್ಬಗಳ ಸಮೇತ ಮೈಸೂರು.

ಆ ಡಿಟೆಕ್ಟರಿನ ವಿಷಯ ಸ್ವಲ್ಪ ಹೇಳಲೇಬೇಕು, ಹೋಳಿಗೆ ದಾಟಿಹೋದರೂ ಚಿಂತೆಯಿಲ್ಲ. ನೋಡಲು ಅದು ಫಿಲ್ಟರ್ ಕಾಫಿಯ ದೊಡ್ಡ ಡಬ್ಬಿಯ ಹಾಗಿತ್ತು. ಒಳಗೆ ಕ್ಸೆನಾನ್ ಎಂಬ ಅನಿಲ, ನಡುವೆ ಕೂದಲಿನಂಥ ಒಂದು ತಂತಿ. ಕ್ಸೆನಾನ್ ಯಾರ ಜೊತೆಗೂ ಬೆರೆಯದ, ಯಾರ ಗೊಡವೆಗೂ ಹೋಗದ ಅನಿಲ. ಸರ್ಕಾರಿ ಕಚೇರಿಗೆ ಹೇಳಿ ಮಾಡಿಸಿದ ಸ್ವಭಾವ. ಡಬ್ಬಿಯ ಒಂದು ಕೊನೆಯಲ್ಲಿ ಹಳೆಯ ಎಂಟಾಣೆಯಷ್ಟಗಲದ ಕಿಟಕಿ, ಅದಕ್ಕೆ ಬೆರಿಲಿಯಮ್ ಎಂಬ ಲೋಹದ ತೆಳ್ಳನೆಯ ಹಾಳೆ. ಎಕ್ಸ್‌-ರೇ ಕಣವೊಂದು ಆ ಕಿಟಕಿಯಿಂದ ಒಳಗೆ ನುಗ್ಗಿ ಕ್ಸೆನಾನಿಗೆ ಡಿಕ್ಕಿ ಹೊಡೆದರೆ ತಂತಿಯಲ್ಲಿ ಸಣ್ಣದೊಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಮಿಡಿತ ಎಷ್ಟು ದೊಡ್ಡದು ಎಂಬುದರ ಮೇಲೆ ಕಣದ ಶಕ್ತಿ ಎಷ್ಟೆಂದು ಹೇಳಬಹುದು. ಆದರೆ ಮೊದಲೇ ಹೇಳಿದಂತೆ ಡಬ್ಬಿಯ ಮಾತನ್ನು ನಂಬುವಂತಿಲ್ಲವಲ್ಲ, ಶಕ್ತಿ ಎಷ್ಟೆಂದು ಮೊದಲೇ ಗೊತ್ತಿರುವ ವಿಕಿರಣವನ್ನು ಅದರ ಮುಂದಿಟ್ಟು ನೋಡಬೇಕು. ಅದಕ್ಕೆ ಷರ್ಟಿನ ಗುಂಡಿಯಷ್ಟು ದೊಡ್ಡ ಒಂದು ವಿಕಿರಣದ ಬಿಲ್ಲೆ ಇತ್ತು. ನಾವು ಅದನ್ನು ಸೋರ್ಸ್ ಎನ್ನುತ್ತಿದ್ದೆವು. ಅದನ್ನು ಕಿಟಕಿಯ ಮುಂದೆ ಸಿಕ್ಕಿಸಿದರೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಗುಡ್ಡ ಎದ್ದು ನಿಲ್ಲಬೇಕು. ಗುಡ್ಡ ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರಕ್ಕೆ ಎದ್ದರೆ ಡಬ್ಬಿಯೂ ಸರಿ, ನಾನೂ ಸರಿ.

ಸೋರ್ಸ್ ಮುಟ್ಟುವ ವಿಧಿಗಳನ್ನು ಮೊದಲ ದಿನ ಓದಿದಾಗ ನನಗೆ ನಮ್ಮಜ್ಜಿಯ ಮಡಿ ನೆನಪಾಗಿತ್ತು. ಕೈಯಲ್ಲಿ ಮುಟ್ಟಕೂಡದು, ಇಕ್ಕಳದಲ್ಲಿ ಹಿಡಿಯಬೇಕು. ಹತ್ತಿರ ಸುಳಿಯಕೂಡದು, ಮುಖ ಅದರ ಎದುರಿಗೆ ಒಡ್ಡಕೂಡದು. ಕೆಲಸ ಮುಗಿದ ಕೂಡಲೇ ಸೀಸದ ಪೆಟ್ಟಿಗೆಯಲ್ಲಿಟ್ಟು ಬೇರೆಯೇ ಕೋಣೆಯಲ್ಲಿ ಬೀಗ ಹಾಕಬೇಕು. ಕೈ ತೊಳೆಯದೆ ಏನನ್ನೂ ತಿನ್ನಕೂಡದು. ಅಜ್ಜಿಗೆ ಈ ವಿಷಯದಲ್ಲಿ ಡಾಕ್ಟರೇಟ್ ಬರಬೇಕಾಗಿತ್ತು, ಯಾರೂ ಕೊಡಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಸೋರ್ಸ್ ಬಹಳ ಸಾಧು ಪ್ರಾಣಿ. ಅದರ ಕಿರಣಗಳು ನಾಲ್ಕು ಮಾರು ಗಾಳಿ ದಾಟುವಷ್ಟರಲ್ಲೇ ಸುಸ್ತಾಗಿ ಕೂರುತ್ತಿದ್ದವು. ಆದರೂ ನಾನು ಅದನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು, ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ, ಅಂದಾಜಿನ ಮೇಲೆ ಕಿಟಕಿಗೆ ಸಿಕ್ಕಿಸುತ್ತಿದ್ದೆ. ನೋಡಿದವರು ಇದನ್ನು ಶಿಸ್ತು ಎಂದುಕೊಂಡಿದ್ದರು. ಮನೆಯಲ್ಲಿ ಈ ವಿಕಿರಣದ ಸುದ್ದಿ ಬಾಯಿತಪ್ಪಿ ಹೇಳಿದ ದಿನದಿಂದ ಸ್ನಾನ ಮಾಡದೆ ಅಡುಗೆಮನೆಗೆ ಬರಕೂಡದೆಂದು ನಾಗರತ್ನ ಆಜ್ಞೆ ಮಾಡಿದಳು. ಅಡ್ಯಾರಿನ ಶಾಲೆಗೆ ಹೋಗುತ್ತಿದ್ದ ನಮ್ಮ ಮಗಳು ಪುಟ್ಟಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಹೇಳುವವಳು. ಅವಳು ಮಾತ್ರ ಕಣ್ಣರಳಿಸಿ “ಅಪ್ಪಾ, ಅದು ವೆಡಿಕ್ಕುಮಾ?” ಎಂದಳು. ಸಿಡಿಯುವುದಿಲ್ಲ ಎಂದೆ. ಆವತ್ತಿನಿಂದ ಅವಳಿಗೆ ನನ್ನ ಕೆಲಸದಲ್ಲಿ ಆಸಕ್ತಿ ಹೋಯಿತು.

ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ನರಸಿಂಹ ರಾಯರು. ತಲೆಮಾರುಗಳಿಂದ ತಿರುವಲ್ಲಿಕೇಣಿಯಲ್ಲಿ ನೆಲೆಸಿದ್ದ ಮಾಧ್ವ ಕುಟುಂಬ. ಅವರ ಕನ್ನಡ ಅರ್ಧ ದಾರಿಗೆ ಹೋಗುವಷ್ಟರಲ್ಲಿ ತಮಿಳಿನ ಬಸ್ಸು ಹತ್ತುತ್ತಿತ್ತು. ಆದರೆ ಮನುಷ್ಯ ಕಟ್ಟಾ ವಿಚಾರವಾದಿ. ಆಯುಧಪೂಜೆ ಬಂತೆಂದರೆ ಇಡೀ ಸಂಸ್ಥೆಯೇ ಬಾಳೆಕಂದು ಕಟ್ಟಿಕೊಂಡು ನಿಲ್ಲುತ್ತಿತ್ತು. ವರ್ಕ್‌ಶಾಪಿನ ಲೇತ್ ಯಂತ್ರಕ್ಕೆ ವಿಭೂತಿಯ ಪಟ್ಟೆ, ಗ್ರಂಥಾಲಯದ ಜೆರಾಕ್ಸ್ ಯಂತ್ರಕ್ಕೆ ಚೆಂಡುಹೂವಿನ ಹಾರ, ನಿರ್ದೇಶಕರ ಅಂಬಾಸಡರಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಲೇಸರ್ ವಿಭಾಗದವರು ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿಯ ಮೇಲೆ ಜಾರಿ ಬೀಳದೆ ಯಾರೂ ಕಾರಿಡಾರ್ ದಾಟುವಂತಿರಲಿಲ್ಲ. ನಮ್ಮ ಬಾಗಿಲು ಮಾತ್ರ ಬೋಳು. “ಇದು ಲ್ಯಾಬು ಪಾ, ಕೋವಿಲ್ ಅಲ್ಲ. ಮೆಷೀನಿಗೆ ಏನ್ ಪಾ ತೆರಿಯುತ್ತೆ ಕುಂಕುಮಾ ಗಿಂಕುಮಾ?” ಎಂದು ರಾಯರು ಪ್ರತಿವರ್ಷ ಒಂದೇ ಭಾಷಣ ಮಾಡುತ್ತಿದ್ದರು. ಭಾಷಣ ಮುಗಿಸಿ ಪಕ್ಕದ ವಿಭಾಗಗಳಿಗೆಲ್ಲ ಹೋಗಿ, ಅವರು ಹಂಚುವ ಪುರಿ, ಕಡಲೆ, ಒಗ್ಗರಣೆ ಹಾಕಿದ ಕಾಳಿನ ಸುಂಡಲನ್ನು ಎರಡೂ ಜೇಬು ತುಂಬ ತುಂಬಿಸಿಕೊಂಡು ಬರುತ್ತಿದ್ದರು. ವಿಚಾರವಾದಕ್ಕೂ ಸುಂಡಲಿಗೂ ಜಗಳವಿಲ್ಲ ಎಂಬುದು ಅವರ ನಿಲುವು, ನಾನೂ ಅದನ್ನು ಮನಃಪೂರ್ವಕ ಬೆಂಬಲಿಸಿ ಒಂದು ಜೇಬು ತುಂಬಿಸಿಕೊಳ್ಳುತ್ತಿದ್ದೆ.

ಆ ವರ್ಷ ರಜೆಗೆ ಮುನ್ನ ಗುಡ್ಡ ಎಷ್ಟು ಚೆನ್ನಾಗಿ ಎದ್ದಿತ್ತೆಂದರೆ, ರಾಯರು ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಮೊಮ್ಮಗನನ್ನು ನೋಡುವ ಹಾಗೆ ನೋಡಿದರು. ನಾನು ಸೋರ್ಸನ್ನು ಪೆಟ್ಟಿಗೆಗೆ ಸೇರಿಸಿ, ಅಭ್ಯಾಸಬಲದಿಂದ ಅತ್ತ ನೋಡದೆಯೇ ಕಿಟಕಿಗೆ ಮುಚ್ಚಳ ಹಾಕಿ, ಲ್ಯಾಬಿಗೆ ಬೀಗ ಜಡಿದು ಹಬ್ಬಕ್ಕೆ ಹೋದೆ. ರಜೆ ಮುಗಿಸಿ ಬಂದು, ಎಂದಿನಂತೆ ಮುಖ ಗೋಡೆಗೆ ತಿರುಗಿಸಿ ಮುಚ್ಚಳ ತೆಗೆದು ಸೋರ್ಸ್ ಸಿಕ್ಕಿಸಿ ನೋಡಿದರೆ ಗುಡ್ಡ ಅರ್ಧಕ್ಕಿಂತ ಕೆಳಗೆ ಕುಸಿದಿತ್ತು. ಜಾಗವೇನೋ ಬದಲಾಗಿರಲಿಲ್ಲ. ಆದರೆ ಒಳಗೆ ಬರಬೇಕಾದ ಕಣಗಳಲ್ಲಿ ಬಹುಪಾಲು ಎಲ್ಲೋ ದಾರಿಯಲ್ಲೇ ಇಳಿದುಹೋಗಿದ್ದವು. ಸಮಿತಿ ಬರುವುದಿದ್ದುದು ಅದೇ ವಾರ.

ಇಂಥ ಹೊತ್ತಿನಲ್ಲಿ ಸಲಹೆಗೆ ಬರವಿರುವುದಿಲ್ಲ. ಅನಿಲ ಸೋರಿದೆ ಎಂದರು ಒಬ್ಬರು. ಸೋರಿದ್ದರೆ ಗುಡ್ಡ ಜಾಗ ಬಿಟ್ಟು ಓಡಬೇಕಾಗಿತ್ತು ಎಂದೆ. ಹಾಗಾದರೆ ಅನಿಲ ಸೋರದಂತೆ ಸೋರಿದೆ ಎಂದರು. ಅವರು ನನಗಿಂತ ಸೀನಿಯರ್. ಇನ್ನೊಬ್ಬರು ಸೋರ್ಸ್‌ಗೆ ವಯಸ್ಸಾಗಿದೆ ಎಂದು ನಿಟ್ಟುಸಿರು ಬಿಟ್ಟರು. ಹಬ್ಬದ ರಜೆಯಲ್ಲಿ ಯಾರಿಗೂ ಅಷ್ಟು ವಯಸ್ಸಾಗುವುದಿಲ್ಲ, ಮಕ್ಕಳು ಮನೆಯಲ್ಲಿದ್ದರೂ ಸಹ. ನಾನು ಕೇಬಲ್ ಬದಲಿಸಿದೆ, ಆಂಪ್ಲಿಫೈಯರ್ ಬದಲಿಸಿದೆ, ವೋಲ್ಟೇಜ್ ಅಳೆದೆ, ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದೆ. ಕಿಟಕಿಯ ಕಡೆ ಒಬ್ಬರೂ ಕಣ್ಣು ಹಾಯಿಸಲಿಲ್ಲ. ಸೋರ್ಸ್ ಇದ್ದಾಗ ಎದುರಿಗೆ ಮುಖ ಒಡ್ಡಕೂಡದು, ಸೋರ್ಸ್ ಇಲ್ಲದಾಗ ಅಲ್ಲಿ ಮುಚ್ಚಳ ಇರುತ್ತದೆ. ಸುರಕ್ಷತೆಯ ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಸಂಸ್ಥೆ ದೇಶದಲ್ಲಿ ಇನ್ನೊಂದಿರಲಾರದು. ಮನೆಗೆ ಬಂದರೆ ನಾಗರತ್ನ ಏನನ್ನೂ ಕೇಳುತ್ತಿರಲಿಲ್ಲ. ಸುಮ್ಮನೆ ಮಂಚದ ಕೆಳಗಿನ ರಟ್ಟಿನ ಡಬ್ಬಗಳ ಧೂಳು ಒರೆಸುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೊನೆಗೆ ಸಮಿತಿ ಎಗ್ಮೋರಿನ ಹೋಟೆಲಿಗೆ ಬಂದಿಳಿದ ದಿನ, ಕಿಟಕಿಯ ಅಂಚಿನಲ್ಲೇ ಬಿರುಕಿರಬಹುದೆಂದು ಅನುಮಾನ ಬಂದು, ಸೋರ್ಸ್ ತೆಗೆದಿಟ್ಟು ಡಬ್ಬಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮುಚ್ಚಳ ತೆಗೆದು ಬಗ್ಗಿ ನೋಡಿದೆ. ಬೂದು ಬಣ್ಣದ ಬೆರಿಲಿಯಮ್ ಹಾಳೆಯ ನಟ್ಟನಡುವೆ ದುಂಡಗೆ ಗಂಧ, ಗಂಧದ ಮೇಲೆ ಕೆಂಪಗೆ ಕುಂಕುಮ. ಒಣಗಿ ಗಟ್ಟಿಯಾಗಿತ್ತು, ಆದರೂ ಬಹಳ ಲಕ್ಷಣವಾಗಿತ್ತು. ಪಾಪದ ಎಕ್ಸ್‌-ರೇ ಕಣಗಳು ಗಂಧದ ಲೇಪ ದಾಟಲಾರದೆ ಅಲ್ಲೇ ಪ್ರಾಣ ಬಿಡುತ್ತಿದ್ದವು.

ನಾನು ವಿಜ್ಞಾನಿಯಲ್ಲವೇ, ಗಾಬರಿಯಾಗದೆ ತರ್ಕಕ್ಕೆ ಕೂತೆ. ಈ ಲ್ಯಾಬಿಗೆ ಇರುವುದು ಎರಡೇ ಬೀಗದ ಕೈ. ಒಂದು ನನ್ನದು, ಇನ್ನೊಂದು ರಾಯರದು. ರಜೆಯಲ್ಲಿ ಬೇರೆ ಯಾರೂ ಒಳಗೆ ಬರುವಂತಿಲ್ಲ. ಇಟ್ಟವನು ನಾನಲ್ಲ. ಆದ್ದರಿಂದ ರಾಯರು! ಎಂಥ ಖುಷಿಯಾಯಿತೆಂದರೆ ನೌಕರಿಯ ಚಿಂತೆ ಒಂದು ಗಳಿಗೆ ಮರೆತೇಹೋಯಿತು. ಹೊರಗೆ ಅಷ್ಟು ದೊಡ್ಡ ಭಾಷಣ, ಒಳಗೆ ಸಮಿತಿಯ ಭಯಕ್ಕೆ ರಜೆಯ ದಿನ ಕದ್ದು ಬಂದು ಕುಂಕುಮ! ಪಂಚೆಯುಟ್ಟು, ಕೈಯಲ್ಲಿ ಗಂಧದ ಬಟ್ಟಲು ಹಿಡಿದು, ಕಾವಲುಗಾರನ ಕಣ್ಣು ತಪ್ಪಿಸಿ ಬೆಕ್ಕಿನ ಹೆಜ್ಜೆಯಲ್ಲಿ ಕಾರಿಡಾರಿನಲ್ಲಿ ನಡೆದುಬರುವ ರಾಯರನ್ನು ಕಲ್ಪಿಸಿಕೊಂಡು ಒಬ್ಬನೇ ನಕ್ಕೆ. ಆಮೇಲೆ ನನ್ನೊಳಗಿನ ದೊಡ್ಡ ಮನುಷ್ಯ ಎಚ್ಚೆತ್ತ. ಹಿರಿಯರು, ಮುಂದಿನ ವರ್ಷ ನಿವೃತ್ತಿ. ಅವರ ಮಾನ ಕಾಪಾಡಬೇಕಾದ್ದು ನನ್ನ ಧರ್ಮ. ನನ್ನ ಖಾಯಂ ಕಾಗದಕ್ಕೆ ಶಿಫಾರಸು ಬರೆಯಬೇಕಾದವರೂ ಅವರೇ ಎಂಬುದು ಆ ಕ್ಷಣದಲ್ಲಿ ನೆನಪಾಗಿದ್ದು ಕೇವಲ ಕಾಕತಾಳೀಯ.

ಅವರನ್ನು ಕರೆದು ಏನೂ ಹೇಳದೆ ಕಿಟಕಿ ತೋರಿಸಿದೆ. ರಾಯರು ಕನ್ನಡಕ ಹಣೆಗೇರಿಸಿ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಅರ್ಥಗರ್ಭಿತವಾಗಿ ಮುಗುಳ್ನಕ್ಕೆ. ಅವರೂ ಅರ್ಥಗರ್ಭಿತವಾಗಿ ತಲೆಯಾಡಿಸಿದರು.

“ಒರೆಸಿಬಿಡಲೇ ಸರ್?” ಎಂದೆ.

“ಬೇಡ ಪಾ, ಬೇಡ” ಎಂದು ಅವರು ನನ್ನ ಕೈ ಹಿಡಿದುಕೊಂಡರು. “ಹಾಳೆ ರೊಂಬ ತೆಳುವು. ತೇಚಿದ್ರೆ ಹರಿದುಹೋಗುತ್ತೆ, ಆಮೇಲೆ ಗ್ಯಾಸೂ ಇಲ್ಲೆ, ನಾವೂ ಇಲ್ಲೆ. ಇರಲಿ ಬಿಡು. ಅದು ಇದ್ದ ಹಾಗೇನೇ ಕ್ಯಾಲಿಬ್ರೇಷನ್ ಮಾಡಿಬಿಡು.”

ಹಾಗೇ ಮಾಡಿದೆ. ಗಂಧದ ಲೇಪ ಎಷ್ಟು ಕಣಗಳನ್ನು ನುಂಗುತ್ತದೆ ಎಂದು ಅಳೆದೆ, ಅದಕ್ಕೊಂದು ತಿದ್ದುಪಡಿ ಲೆಕ್ಕ ಹಾಕಿದೆ, ವರದಿಯಲ್ಲಿ ‘ಕಿಟಕಿಯ ಮೇಲಿನ ಹೆಚ್ಚುವರಿ ಪದರ’ ಎಂದು ಸೇರಿಸಿದೆ. ಶ್ರೀಗಂಧ, ಕುಂಕುಮದೊಳಗಿನ ಅರಿಶಿನ, ಸುಣ್ಣಗಳ ಮೂಲಕ ಎಕ್ಸ್‌-ರೇ ಹಾಯಿಸಿ ಅಳತೆ ಮಾಡಿದ ಮೊದಲಿಗ ಬಹುಶಃ ನಾನೇ. ಮರುದಿನ ಸಮಿತಿ ಬಂತು. ಅಧ್ಯಕ್ಷರು ವರದಿಯನ್ನು ತಿರುವಿ, ಸರಿಯಾಗಿ ಅದೇ ಸಾಲಿನ ಮೇಲೆ ಬೆರಳಿಟ್ಟು, ಈ ಹೆಚ್ಚುವರಿ ಪದರ ಎಂದರೇನು ಎಂದು ಕೇಳಿದರು. ರಾಯರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಅದೊಂದು ರಕ್ಷಣಾ ಲೇಪನ ಎಂದರು. ವಿದೇಶದಿಂದ ತರಿಸಿದ್ದೇ ಎಂದು ಅಧ್ಯಕ್ಷರು ಕೇಳಿದರು. ಇಲ್ಲ, ಸಂಪೂರ್ಣ ಸ್ವದೇಶಿ ಎಂದರು ರಾಯರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಧ್ಯಕ್ಷರ ಮುಖ ಅರಳಿತು. ತಿದ್ದುಪಡಿ ಸೇರಿಸಿದ ಲೆಕ್ಕ ಸರಿಯಾಗಿ ತಾಳೆಯಾಯಿತು, ಡಿಟೆಕ್ಟರ್ ತೇರ್ಗಡೆಯಾಯಿತು. ಮುಂದೆ ಕಟ್ಟುವ ಡಿಟೆಕ್ಟರಿಗೂ ಇದೇ ಲೇಪನ ಬಳಸುವುದು ಸೂಕ್ತ ಎಂದು ಸಮಿತಿ ಒಕ್ಕಣೆ ಬರೆದು ಹೋಯಿತು.

ಸಂಜೆ ರಾಯರು ಕೋಣೆಗೆ ಕರೆದರು. ಮೇಜಿನ ಮೇಲೆ ನನ್ನ ಶಿಫಾರಸು ಪತ್ರ, ಅವರ ಕೈಯಲ್ಲಿ ಟೋಪಿ ತೆಗೆದ ಪೆನ್ನು. ತಮ್ಮ ಗುಟ್ಟು ಕಾಪಾಡಿದ್ದಕ್ಕೆ ಈಗ ಕೃತಜ್ಞತೆ ಹೇಳುತ್ತಾರೆ, ನಾನು ‘ಅದರಲ್ಲೇನಿದೆ ಸರ್’ ಎನ್ನಬೇಕು ಎಂದು ಮುಖವನ್ನು ವಿನಯಕ್ಕೆ ಸಿದ್ಧಮಾಡಿಕೊಂಡು ಕೂತೆ.

“ನೋಡು ಪಾ,” ಎಂದರು ರಾಯರು, “ಫಿಸಿಕ್ಸಿನಲ್ಲಿ ನೀ ಸುಮಾರು. ಕೋಪ ಮಾಡಿಕೋಬೇಡ, ಇರೋದನ್ನ ಹೇಳ್ತೀನಿ. ನಿನ್ನನ್ನ ಕನ್ಫರ್ಮ್ ಮಾಡೋದಾ ವೇಂಡಾಮಾ ಅಂತ ಇಷ್ಟು ದಿನಾ ಯೋಚನೆ ಮಾಡಿದೆ. ಆದ್ರೆ ಆ ಕುಂಕುಮಾ ನೋಡಿದ ಮೇಲೆ ಮನಸ್ಸು ಮಾಡಿಬಿಟ್ಟೆ. ನನಗೆ ಅದರಲ್ಲಿ ನಂಬಿಕೆ ಇಲ್ಲ, ಅದು ಬೇರೆ ವಿಷಯ. ಆದ್ರೆ ಮೆಷೀನಿನ ಮೇಲೆ ಅಷ್ಟು ಭಯ ಭಕ್ತಿ ಇರೋ ಹುಡುಗ ಅದನ್ನ ನಡುವಲ್ಲಿ ಬಿಟ್ಟು ಓಡಲ್ಲ. ನನ್ನ ಭಾಷಣ ಕೇಳಿ ಕೇಳಿ ಹೆದರಿ, ಕದ್ದು ಬಂದು ಇಟ್ಟಿದೀಯ, ಪಾವಂ. ನೀನೇ ತಾನೆ ಇಟ್ಟಿದ್ದು?”

ಇಟ್ಟವರು ಇವರಲ್ಲ! ನಾನೂ ಅಲ್ಲ! ಬೀಗದ ಕೈ ಎರಡೇ! ಇಬ್ಬರು ಡಾಕ್ಟರುಗಳು ಒಂದೇ ತರ್ಕವನ್ನು ಎರಡು ತುದಿಯಿಂದ ಹಿಡಿದುಕೊಂಡು, ಒಬ್ಬರ ಮಾನವನ್ನು ಇನ್ನೊಬ್ಬರು ಕಾಪಾಡುತ್ತ ಕೂತಿದ್ದೆವು. ಸತ್ಯ ಹೇಳಬೇಕೆಂದು ಬಾಯಿ ತೆರೆದೆ. ಪೆನ್ನಿನ ತುದಿ ಕಾಗದದಿಂದ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಆ ತುದಿಯನ್ನು ನೋಡಿದೆ. ವೈಜ್ಞಾನಿಕ ಮನೋಭಾವ ಎಂಬುದನ್ನು ಇಷ್ಟು ವರ್ಷ ಬಹಳ ಜೋಪಾನವಾಗಿ ಬೆಳೆಸಿಕೊಂಡು ಬಂದಿದ್ದೆ, ಅದು ಆ ಗಳಿಗೆಯಲ್ಲಿ ನನ್ನ ನೆರವಿಗೆ ಬರಲಿಲ್ಲ.

“ಹೌದು ಸರ್, ನಾನೇ” ಎಂದೆ. ತಲೆ ತಗ್ಗಿಸಿದೆ ಕೂಡ, ಭಕ್ತರು ಹಾಗೆ ಮಾಡುವುದನ್ನು ನೋಡಿದ್ದೆ. ರಾಯರು ಸಹಿ ಹಾಕಿದರು.

ಬಸ್ಸಿನಲ್ಲಿ ನೇತಾಡುತ್ತ ಅಡ್ಯಾರಿಗೆ ಬರುವವರೆಗೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಮನೆಗೆ ಬಂದು ಸ್ನಾನ ಮುಗಿಸಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಖಾಯಂ ಆದ ಸುದ್ದಿಯನ್ನೂ ಅದು ಆದ ರೀತಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಖಾಯಂ ಎಂದದ್ದೇ ನಾಗರತ್ನ ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಎಷ್ಟು ದಿನದಿಂದ ಆ ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳೋ. ಸ್ವಲ್ಪ ಹೊತ್ತಾದ ಮೇಲೆ “ಅಲ್ವೇ, ಬೀಗದ ಕೈ ಎರಡೇ ಇರೋದು. ಮತ್ತೆ ಅದನ್ನ ಇಟ್ಟವರು ಯಾರು ಅಂತೀನಿ?” ಎಂದೆ.

“ನಾನು ಕಣ್ರೀ” ಎಂದಳು ನಾಗರತ್ನ, ಒಲೆಯ ಕಡೆ ತಿರುಗಿಕೊಂಡೇ. “ರಜೆಗೆ ಬೀಗ ಹಾಕೋ ದಿನ, ಹಬ್ಬದ ಸಾಮಾನಿಗೆ ಹೋಗೋಣ ಅಂತ ನಾನೂ ಪುಟ್ಟೀನೂ ನಿಮ್ಮ ಆಫೀಸಿಗೆ ಬಂದಿರಲಿಲ್ವಾ? ನೀವು ಆ ಬಿಲ್ಲೇನ ಇಕ್ಕಳದಲ್ಲಿ ಹಿಡ್ಕೊಂಡು, ಒಳಗಿಟ್ಟು ಬರ್ತೀನಿ, ಏನೂ ಮುಟ್ಟಬೇಡ ಅಂತ ಹೇಳಿ ಹೋದ್ರಿ. ಊರಲ್ಲಿರೋ ಲೇತಿಗೆ, ಕಾರಿಗೆ ಎಲ್ಲಾ ಪೂಜೆ, ನಮ್ಮನ್ನ ಕಾಪಾಡಬೇಕಾದ್ದು ಮಾತ್ರ ಬೋಳು ಹಣೇಲಿ ಕೂತಿತ್ತು. ಗುಡಿಯಿಂದ ತಂದ ಗಂಧ ಕುಂಕುಮ ಚೀಟೀಲಿತ್ತು, ಇಟ್ಟೆ.”

“ಮುಟ್ಟಬೇಡ ಅಂದಿದ್ದೆನಲ್ಲೇ!”

“ಮುಟ್ಟಲಿಲ್ಲಪ್ಪ, ಕುಂಕುಮ ಇಟ್ಟೆ ಅಷ್ಟೆ.”

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನಾನೇ ಬಾಗಿಲು ತೆಗೆದು, ನಾನೇ ಒಳಗೆ ಕೂರಿಸಿದವರನ್ನು ತರ್ಕದಿಂದ ಹೊರಗಿಟ್ಟಿದ್ದೆ. ಅವಳು ಒಗ್ಗರಣೆ ಹಾಕಿ, ಬಾಣಲೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಹುಬ್ಬು ಗಂಟಾಗಿತ್ತು, ಏನನ್ನೋ ಕೂಡಿಸಿ ಕಳೆಯುತ್ತಿದ್ದಳು.

“ಅಲ್ರೀ, ಆ ರಾಯರು ಭಯ ಭಕ್ತಿ ನೋಡಿ ತಾನೇ ಸಹಿ ಹಾಕಿದ್ದು? ನಿಮ್ಮ ಫಿಸಿಕ್ಸ್ ನೋಡಿ ಅಲ್ಲ?”

“ಅಲ್ಲ” ಎಂದೆ. ಸುಮಾರು ಎಂದದ್ದನ್ನು ಹೇಳಲಿಲ್ಲ.

“ಭಯ ಭಕ್ತಿ ನಂದು ತಾನೇ?”

“ನಿನ್ನದೇ.”

“ಹಾಗಾದ್ರೆ ಖಾಯಂ ಆಗಿರೋದು ನಾನು” ಎಂದಳು ನಾಗರತ್ನ ನಿರ್ಧಾರವಾಗಿ. “ತಟ್ಟೆ ಹಾಕಿ ಬನ್ನಿ. ನೀರೂ ತುಂಬಿಸಿಡಿ. ನಿಮ್ಮನ್ನ ಇಟ್ಕೊಳ್ಳೋದೋ ಬಿಡೋದೋ ಅಂತ ಊಟ ಆದ್ಮೇಲೆ ನೋಡೋಣ.”

ತಟ್ಟೆ ಹಾಕಿದೆ, ನೀರು ತುಂಬಿಸಿಟ್ಟೆ. ಆ ಕೆಲಸ ಈಗಲೂ ನನ್ನದೇ. ಅದೂ ತಾತ್ಕಾಲಿಕ, ವರ್ಷ ವರ್ಷ ಮುಂದುವರಿಸುತ್ತಿದ್ದಾಳೆ.